ಇಂಧನ ಕಂಪನಿಯಲ್ಲಿ ಬೆಳವಣಿಗೆ, ಅಲ್ಲಿಂದ ಹೊರದೇಶ: ಮುಂಬಯಿ–ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಹುಲ್, ಟ್ರಾಂಬೆ, ಪವಾಯಿ, ಪುಣೆಯ ಹಡಪಸರ ಕಡೆ ಕೆಲಸ ಮಾಡುವ ನಮ್ಮವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಮುಂಬಯಿಯ ಒಂದು ಇಂಧನ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ಇದ್ದವಳು. ಹೊರದೇಶಕ್ಕೆ ಹೋಗುವವರ ಕಾಗದಪತ್ರ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಕರ್ನಾಟಕ ಸಂಘದ ಕಾರ್ಯಕ್ರಮವಿರಲಿ, ಮದುವೆ ಮನೆಯಿರಲಿ, ಮತ್ಸ್ಯಗಂಧ ರೈಲಿನ ಬೋಗಿಯಿರಲಿ, ಗುರುತಿನವರು ಸಿಕ್ಕಿದಲ್ಲೆಲ್ಲ ಇವೇ ಪ್ರಶ್ನೆಗಳು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಬಿಟ್ಟು ಹೊರದೇಶದಲ್ಲಿ ಕೆಲಸ ಹುಡುಕುವುದಕ್ಕಿಂತ, ಇರುವ ಕಂಪನಿಯಲ್ಲಿ ಒಂದು ಕೆಲಸಕ್ಕೆ ಹೆಸರು ಮಾಡಿ ಕಂಪನಿಯ ಮೂಲಕವೇ ಹೋಗುವುದು ಹೆಚ್ಚಿನವರಿಗೆ ಒಳ್ಳೆಯದು. ಆದರೆ ಯಾವ ಷರತ್ತಿನ ಮೇಲೆ ಕಳಿಸುತ್ತಿದ್ದಾರೆ ಎಂಬುದು ಕಾಗದದಲ್ಲಿ ಇರಬೇಕು.

ನಮ್ಮ ಸುತ್ತಮುತ್ತ ಯಾವ ಯಾವ ಇಂಧನ ಕಂಪನಿಗಳಿವೆ? ಯಾವುದರಿಂದ ಹೊರಗೆ ಹೋಗಲು ದಾರಿ ಇದೆ?

ಇಷ್ಟು ಬಗೆಯ ಇಂಧನ ಕೆಲಸ ಒಂದೇ ಕಡೆ ಸಿಗುವ ಊರು ನಮ್ಮ ದೇಶದಲ್ಲಿ ಕಡಿಮೆ. ಕಡಲೊಳಗೆ ಸುಮಾರು 160 ಕಿಲೋಮೀಟರ್ ದೂರದಲ್ಲಿರುವ ಮುಂಬೈ ಹೈ 1974ರಲ್ಲಿ ಪತ್ತೆಯಾಯಿತು, 1976ರಿಂದ ಎಣ್ಣೆ ಕೊಡುತ್ತಿದೆ. ಒಎನ್‌ಜಿಸಿಯ ಜನ ಅಲ್ಲಿಗೆ ಜುಹೂದಿಂದ ಹೆಲಿಕಾಪ್ಟರಿನಲ್ಲಿ ಹೋಗುತ್ತಾರೆ. ಭಾರತ್ ಪೆಟ್ರೋಲಿಯಂ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ಎರಡರ ರಿಫೈನರಿಯೂ ಮಾಹುಲ್‌ನಲ್ಲಿವೆ. ಟಾಟಾ ಪವರ್‌ನವರ ಖೋಪೋಲಿ ಜಲವಿದ್ಯುತ್ ಕೇಂದ್ರ ಶುರುವಾದದ್ದು 1915ರಲ್ಲಿ. ಕೈಗಾ, ತಾರಾಪುರ ಸ್ಥಾವರಗಳನ್ನು ನಡೆಸುವ ನ್ಯೂಕ್ಲಿಯರ್ ಪವರ್ ಕಾರ್ಪೊರೇಶನ್ನಿನ ಮುಖ್ಯ ಕಚೇರಿ ಅಣುಶಕ್ತಿನಗರದಲ್ಲಿದೆ. ಪುಣೆಯಲ್ಲಿ ಥರ್ಮ್ಯಾಕ್ಸ್ ಬಾಯ್ಲರ್ ಮಾಡುತ್ತದೆ, ಪ್ರಾಜ್ ಎಥೆನಾಲ್ ಘಟಕ ಕಟ್ಟುತ್ತದೆ, ಸುಜ್ಲಾನ್ ಗಾಳಿಯಂತ್ರ ಮಾಡುತ್ತದೆ. ಗೋವಾದ ಬೇತುಲ್‌ನಲ್ಲಿ ಒಎನ್‌ಜಿಸಿಯ ಸುರಕ್ಷತಾ ತರಬೇತಿ ಸಂಸ್ಥೆ ಇದೆ. 2024ರ ಫೆಬ್ರವರಿಯಲ್ಲಿ ಇಂಡಿಯಾ ಎನರ್ಜಿ ವೀಕ್ ಎಂಬ ಇಂಧನ ಸಮ್ಮೇಳನ ನಡೆದದ್ದು ಅಲ್ಲೇ.

ಹೊರದೇಶದ ಆಸ್ತಿ ಇರುವವುಗಳಲ್ಲಿ ಒಎನ್‌ಜಿಸಿ ವಿದೇಶ್ ದೊಡ್ಡದು. ರಷ್ಯಾ, ವಿಯೆಟ್ನಾಂ, ಬ್ರೆಜಿಲ್, ಮೊಜಾಂಬಿಕ್ ಮುಂತಾದ ಕಡೆ ಪಾಲು ಹೊಂದಿದೆ. ಮಂಗಳೂರಿನ ಎಂಆರ್‌ಪಿಎಲ್ 2003ರಿಂದ ಒಎನ್‌ಜಿಸಿ ಗುಂಪಿನದೇ. ಭಾರತ್ ಪೆಟ್ರೋಲಿಯಂಗೆ ಭಾರತ್ ಪೆಟ್ರೋರಿಸೋರ್ಸಸ್ ಎಂಬ ಅಂಗಸಂಸ್ಥೆ ಇದೆ. ಟಾಟಾ ಪವರ್ ಭೂತಾನದ ದಗಾಛು ಮತ್ತು ಜಾರ್ಜಿಯಾದ ಶುವಾಖೇವಿ ಜಲವಿದ್ಯುತ್ ಯೋಜನೆಗಳಲ್ಲಿ ಪಾಲುದಾರ.

ಕಂಪನಿಗೆ ಒಂದು ದೇಶದಲ್ಲಿ ಪಾಲು ಇದ್ದ ಮಾತ್ರಕ್ಕೆ ಅಲ್ಲಿ ನಮ್ಮವರಿಗೆ ನೂರಾರು ಕುರ್ಚಿ ಇರುತ್ತದೆ ಎಂದು ಲೆಕ್ಕ ಹಾಕಬೇಡಿ. ಎಣ್ಣೆ ಬಾವಿಯನ್ನು ನಡೆಸುವ ಕಂಪನಿ ಒಂದು, ಹಣ ಹಾಕಿದ ಪಾಲುದಾರರು ಹಲವರು. ಸಖಾಲಿನ್-1ರಲ್ಲಿ ಒಎನ್‌ಜಿಸಿ ವಿದೇಶ್‌ಗೆ 20% ಪಾಲು ಇದ್ದರೂ 2022ರವರೆಗೆ ಅದನ್ನು ನಡೆಸುತ್ತಿದ್ದದ್ದು ಎಕ್ಸಾನ್‌ಮೊಬಿಲ್. ಇಂಥ ಕಡೆ ಪಾಲುದಾರರು ಕಳಿಸುವುದು ಬೆರಳೆಣಿಕೆಯ ಜನರನ್ನು, ಅದೂ ಹೆಚ್ಚಾಗಿ ಹಣಕಾಸು, ಭೂವಿಜ್ಞಾನ, ಯೋಜನಾ ಮೇಲ್ವಿಚಾರಣೆಯವರನ್ನು. ಸೈಟಿನ ಕೆಲಸಕ್ಕೆ ಹೋಗಬೇಕೆಂದರೆ ಕಟ್ಟುವ ಕಂಪನಿಗಳು, ಸರ್ವಿಸ್ ಕಂಪನಿಗಳು, ಯಂತ್ರ ಮಾರುವ ಕಂಪನಿಗಳಲ್ಲಿ ಅವಕಾಶ ಹೆಚ್ಚು.

ಈಗಷ್ಟೇ ಸೇರಿದ್ದೇನೆ. ಎಷ್ಟು ವರ್ಷಕ್ಕೆ ಹೊರಗೆ ಕಳಿಸುತ್ತಾರೆ?

ಕಾನೂನಿನ ಕನಿಷ್ಠ ಒಂದು, ಕಂಪನಿಯ ಲೆಕ್ಕ ಇನ್ನೊಂದು. ಕಂಪನಿಯ ಒಳಗಿನ ವರ್ಗಾವಣೆಗೆ ಇರುವ ಅಮೆರಿಕದ ಎಲ್-1 ವೀಸಾಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸತತ ಒಂದು ವರ್ಷ ಅದೇ ಗುಂಪಿನ ಕಂಪನಿಯಲ್ಲಿ ಅಮೆರಿಕದ ಹೊರಗೆ ಕೆಲಸ ಮಾಡಿರಬೇಕು. ಆದರೆ ಒಂದು ವರ್ಷದವರನ್ನು ಕಳಿಸುವ ಕಂಪನಿಯನ್ನು ನಾನು ಹೆಚ್ಚು ಕಂಡಿಲ್ಲ. ರಿಫೈನರಿಯಲ್ಲಾದರೆ ದುರಸ್ತಿಗೆಂದು ಘಟಕ ನಿಲ್ಲಿಸುವ ಒಂದು ದೊಡ್ಡ ಶಟ್‌ಡೌನ್, ಪ್ರಾಜೆಕ್ಟಿನಲ್ಲಾದರೆ ಹೊಸ ಘಟಕ ಚಾಲೂ ಮಾಡುವ ಒಂದು ಕಮಿಷನಿಂಗ್, ಇವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವರ ಹೆಸರು ಪಟ್ಟಿಗೆ ಬರುತ್ತದೆ.

ಚೆನ್ನಾಗಿ ಕೆಲಸ ಮಾಡುತ್ತೇನೆ, ಆದರೂ ನನ್ನ ಹೆಸರು ಬರುವುದಿಲ್ಲ. ಏನು ಮಾಡಬೇಕು?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಕೇಳುವವರ ಮುಖದಲ್ಲಿ ನೋವೂ ಇರುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹೊರದೇಶದ ಸೈಟಿನಿಂದ ಮುಂಬಯಿಗೆ ಬರುವ ಬೇಡಿಕೆ ‘ಒಬ್ಬ ಒಳ್ಳೆಯ ಎಂಜಿನಿಯರ್ ಕಳಿಸಿ’ ಎಂದು ಇರುವುದಿಲ್ಲ. ‘ಕಂಪ್ರೆಸರ್ ಓವರ್‌ಹಾಲ್ ಮಾಡಿಸಿದ ಅನುಭವ ಇರುವವರು’, ‘ಹೈಡ್ರೋಜನ್ ಘಟಕ ಚಾಲೂ ಮಾಡಿದವರು’, ‘ಟರ್ನ್‌ಅರೌಂಡ್ ಪ್ಲಾನಿಂಗ್ ಗೊತ್ತಿರುವವರು’ ಎಂದು ಇರುತ್ತದೆ. ಆಗ ಇಲ್ಲಿಯ ವಿಭಾಗದ ಮುಖ್ಯಸ್ಥರಿಗೆ ಥಟ್ಟನೆ ನೆನಪಾಗುವುದು ಯಾರ ಹೆಸರು? ಎಲ್ಲವನ್ನೂ ಸುಮಾರಾಗಿ ಬಲ್ಲವರದಲ್ಲ, ಒಂದನ್ನು ಆಳವಾಗಿ ಬಲ್ಲವರದು. ಐದಾರು ವರ್ಷದೊಳಗೆ ನಿಮ್ಮ ಹೆಸರಿನ ಜೊತೆ ಒಂದು ಕೆಲಸ ಅಂಟಿಕೊಳ್ಳಬೇಕು.

ಎರಡನೆಯದು, ಪರ್ಮಿಟ್ ವ್ಯವಸ್ಥೆ, ಎಂದರೆ ಅಪಾಯದ ಕೆಲಸ ಶುರುಮಾಡುವ ಮೊದಲು ಲಿಖಿತ ಒಪ್ಪಿಗೆ ಪಡೆಯುವ ಕ್ರಮ. ನಮ್ಮ ಹುಡುಗರು ಅದನ್ನು ಸಹಿ ಹಾಕಿಸುವ ಕಾಗದವೆಂದು ಭಾವಿಸುತ್ತಾರೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನಲ್ಲಿ 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ರಿಪೇರಿಗೆ ಇಟ್ಟಿದ್ದರು. ಆ ಸುದ್ದಿ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ, ಅವರು ಅದೇ ಪಂಪ್ ಚಾಲೂ ಮಾಡಿದರು. ಅಂದಿನಿಂದ ಜಗತ್ತಿನ ಎಣ್ಣೆ ಉದ್ಯಮ ಪರ್ಮಿಟ್ ಮತ್ತು ಪಾಳಿ ಬದಲಾವಣೆಯ ವರದಿಯನ್ನು ನೋಡುವ ರೀತಿಯೇ ಬದಲಾಯಿತು. ಅಬುಧಾಬಿಯಲ್ಲಾಗಲಿ ನಾರ್ವೆಯ ಸ್ಟಾವಂಗರ್‌ನಲ್ಲಾಗಲಿ ಸಂದರ್ಶನದಲ್ಲಿ ಇದನ್ನೇ ಕೆದಕುತ್ತಾರೆ: ಪೈಪ್ ಲೈನ್ ಹೇಗೆ ಐಸೊಲೇಟ್ ಮಾಡಿದಿರಿ (ಬೇರ್ಪಡಿಸಿ ಮುಚ್ಚಿದಿರಿ), ಮುಂದಿನ ಪಾಳಿಗೆ ಏನು ಬರೆದಿಟ್ಟಿರಿ, ಕೆಲಸ ನಿಲ್ಲಿಸಿದ ಸಂದರ್ಭ ಇದೆಯೆ? ಮಾಹುಲ್‌ನ ಸೈಟಿನಲ್ಲಿ ಪರ್ಮಿಟ್ ಕೊಡುವ ಅಧಿಕಾರ ಪಡೆದು ಅದನ್ನು ಶಿಸ್ತಿನಿಂದ ನಡೆಸಿದವರು ಈ ಪ್ರಶ್ನೆಗಳಿಗೆ ಕಣ್ಣಮುಂದೆ ನಡೆದದ್ದನ್ನು ಹೇಳಬಲ್ಲರು. ಓದಿ ಹೋದವರ ಉತ್ತರ ಎರಡನೇ ಪ್ರಶ್ನೆಗೇ ನಿಂತುಹೋಗುತ್ತದೆ.

ಮೂರನೆಯದು, ಬರವಣಿಗೆ. ನಮ್ಮ ಜನ ಮೈಮುರಿದು ದುಡಿಯುತ್ತಾರೆ, ವರದಿ ಬರೆಯಲು ಮಾತ್ರ ಹಿಂಜರಿಯುತ್ತಾರೆ. ಪಂಪ್ ಯಾಕೆ ಕೆಟ್ಟಿತು, ಏನು ಮಾಡಿದೆವು, ಮತ್ತೆ ಆಗದಂತೆ ಏನು ಬದಲಾಯಿಸಿದೆವು ಎಂದು ಎರಡು ಪುಟದ ಸರಳ ಇಂಗ್ಲಿಷಿನಲ್ಲಿ ಬರೆದು ಮೇಲಿನವರಿಗೆ ಕೊಡಿ. ಆ ಎರಡು ಪುಟ ನೀವು ಕಾಣದ ಕಚೇರಿಗಳನ್ನು ತಲುಪುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಕಷ್ಟ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ದೊಡ್ಡ ಹುದ್ದೆಗೆ ಏರಿದವರ ಊರು ಇದು.

ಕೊನೆಯದಾಗಿ, ಬಾಯಿಬಿಟ್ಟು ಕೇಳಿ. ಅಪ್ರೈಸಲ್ ಫಾರಂನಲ್ಲಿ ‘ಮುಂದಿನ ಆಸಕ್ತಿ’ ಎಂಬ ಕಾಲಂ ಇರುತ್ತದೆ. ಅಲ್ಲಿ ‘ಮ್ಯಾನೇಜ್‌ಮೆಂಟ್ ಹೇಳಿದಂತೆ’ ಎಂದು ಬರೆದವರನ್ನು ಬಹಳ ನೋಡಿದ್ದೇನೆ. ವಿನಯದಿಂದ ಬರೆದದ್ದೇ ಆದರೂ, ಓದುವವರಿಗೆ ಅದು ಇಚ್ಛೆ ಇಲ್ಲದವರ ಉತ್ತರವಾಗಿ ಕಾಣುತ್ತದೆ. ದೇಶ, ಕೆಲಸ, ಯಾವ ವರ್ಷದಿಂದ ಸಾಧ್ಯ, ಇಷ್ಟನ್ನೂ ಬರೆಯಿರಿ.

ಮೆಂಟೆನನ್ಸ್‌ನಿಂದ ಪ್ಲಾನಿಂಗ್‌ಗೆ ಹೋಗು ಎನ್ನುತ್ತಾರೆ. ಬಡ್ತಿ ಇಲ್ಲ, ಸಂಬಳವೂ ಅಷ್ಟೇ. ಹೋಗಲೆ?

ಹೋಗಿ. ಪ್ಲಾನಿಂಗ್ ಮತ್ತು ಇನ್‌ಸ್ಪೆಕ್ಷನ್ ಎರಡೂ ಕಡೆ ಕೂತವರಿಗೆ ಇಡೀ ಘಟಕದ ಚಿತ್ರ ಸಿಗುತ್ತದೆ, ಹೊರದೇಶದ ಬೇಡಿಕೆಯೂ ಈ ಎರಡಕ್ಕೆ ಹೆಚ್ಚು. ಎರಡು ವರ್ಷದ ನಂತರ ವಾಪಸ್ ಬರುವ ಮಾತನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಯಾವ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು?

ನಿಮ್ಮ ಕೆಲಸಕ್ಕೆ ಹೊಂದುವ ಒಂದು ಸಾಕು. ಇನ್‌ಸ್ಪೆಕ್ಷನ್‌ನವರಿಗೆ ಎಪಿಐ 510 (ಒತ್ತಡದ ಪಾತ್ರೆಗಳು), 570 (ಪೈಪಿಂಗ್), 653 (ಟ್ಯಾಂಕ್). ಇವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಸುರಕ್ಷತಾ ವಿಭಾಗದವರಿಗೆ ನೆಬಾಷ್. ಕಡಲ ಕೆಲಸಕ್ಕೆ ಬೋಸಿಯೆಟ್ ಎಂಬ ಸುರಕ್ಷತಾ ತರಬೇತಿ, ಅದು ನಾಲ್ಕು ವರ್ಷ ನಡೆಯುತ್ತದೆ. ನೀರಿನೊಳಗೆ ಬುಡಮೇಲಾದ ಹೆಲಿಕಾಪ್ಟರಿನಿಂದ ಹೊರಬರುವ ಅಭ್ಯಾಸ ಅದರಲ್ಲೇ ಇದೆ. ಗಾಳಿಯಂತ್ರದವರಿಗೆ ಜಿಡಬ್ಲ್ಯುಒ ಮೂಲ ಸುರಕ್ಷತಾ ತರಬೇತಿ.

ಕಡಲ ತರಬೇತಿಯನ್ನು ಬರೀ ಕಾಗದಕ್ಕಾಗಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬೈ ಹೈ ಬಳಿ ಪಿ-305 ಬಾರ್ಜ್ ಮುಳುಗಿತು, ಹತ್ತಾರು ಜನ ಜೀವ ಕಳೆದುಕೊಂಡರು. ಲೈಫ್ ಜಾಕೆಟ್ ಕಟ್ಟುವ ಕ್ರಮ, ತಣ್ಣೀರಿನಲ್ಲಿ ಗುಂಪಾಗಿ ತೇಲುವ ಕ್ರಮ ಕೈಗೆ ರೂಢಿಯಾಗಿರಬೇಕು.

ಖರ್ಚು ಕಂಪನಿ ಕೊಟ್ಟರೆ ಬಾಂಡ್ ಬರೆಸಿಕೊಳ್ಳಬಹುದು. ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು, ಹೊರದೇಶದ ಅಂಗಸಂಸ್ಥೆಗೆ ಹೋದರೆ ಬಾಂಡ್ ಮುರಿದಂತೆಯೆ, ಈ ಮೂರನ್ನೂ ಸಹಿಗೆ ಮೊದಲು ಕೇಳಿ.

‘ಅಬುಧಾಬಿಗೆ ಟ್ರಾನ್ಸ್‌ಫರ್’ ಎಂದು ಹೇಳಿದ್ದಾರೆ. ಟ್ರಾನ್ಸ್‌ಫರ್ ಎಂದರೆ ಡೆಪ್ಯುಟೇಶನ್ನೇ?

ಹಾಗೆ ಭಾವಿಸಿ ಹೋದವರೇ ಆಮೇಲೆ ಕಷ್ಟಪಟ್ಟಿದ್ದಾರೆ. ಒಂದೇ ಮಾತನ್ನು ಕಂಪನಿಗಳು ಮೂರು ರೀತಿಯ ವ್ಯವಸ್ಥೆಗೆ ಬಳಸುತ್ತವೆ.

ಡೆಪ್ಯುಟೇಶನ್ ಅಥವಾ ಸೆಕೆಂಡ್‌ಮೆಂಟ್ ಎಂದರೆ ನೀವು ಮುಂಬಯಿ ಕಂಪನಿಯ ನೌಕರರಾಗಿಯೇ ಉಳಿದು ಅಲ್ಲಿ ದುಡಿಯುತ್ತೀರಿ. ಪಿ.ಎಫ್., ಗ್ರಾಚ್ಯುಯಿಟಿ, ಸೀನಿಯಾರಿಟಿ ಇಲ್ಲೇ ಮುಂದುವರಿಯುತ್ತದೆ. ಮನೆ, ಮಕ್ಕಳ ಶಾಲೆ, ವರ್ಷಕ್ಕೊಮ್ಮೆ ಟಿಕೆಟ್ ಸಾಮಾನ್ಯವಾಗಿ ಕಂಪನಿಯದು. ಅವಧಿ ಮುಗಿದ ಮೇಲೆ ವಾಪಸ್. ಇದು ಹೊಸ ಏರ್ಪಾಡೂ ಅಲ್ಲ. ವಿಶ್ವೇಶ್ವರಯ್ಯನವರು ಪುಣೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಬೆಳೆದು, ಖಡಕವಾಸಲಾ ಅಣೆಕಟ್ಟಿಗೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲು ಕೂರಿಸಿ, ಆಮೇಲೆ 1906ರಲ್ಲಿ ಸರ್ಕಾರದ ಪರವಾಗಿ ಏಡನ್‌ಗೆ ನೀರು ಪೂರೈಕೆಯ ಕೆಲಸಕ್ಕೆ ಹೋದರು. ಇದ್ದ ಇಲಾಖೆಯಲ್ಲಿ ಒಂದು ವಿಷಯಕ್ಕೆ ಹೆಸರಾದರು, ಆ ಹೆಸರೇ ಅವರನ್ನು ಸಮುದ್ರ ದಾಟಿಸಿತು.

ಎರಡನೆಯ ರೀತಿಯಲ್ಲಿ ಇಲ್ಲಿ ರಾಜೀನಾಮೆ, ಅಲ್ಲಿಯ ಅಂಗಸಂಸ್ಥೆಯಲ್ಲಿ ಹೊಸ ನೇಮಕ. ಸಂಬಳ ಹೆಚ್ಚು ಕಾಣಬಹುದು, ಆದರೆ ಹಳೆಯ ಸರ್ವಿಸ್ ಅಲ್ಲಿಗೆ ಲೆಕ್ಕಕ್ಕೆ ಬರಬೇಕೆಂದರೆ ಆಫರ್ ಲೆಟರಿನಲ್ಲಿ ಒಂದು ಸಾಲು ಇರಲೇಬೇಕು. ಕಾಯಂ ನೌಕರರ ಗ್ರಾಚ್ಯುಯಿಟಿಗೆ ಐದು ವರ್ಷದ ಸೇವೆ ಬೇಕು. ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಕೊಡುವ ಪರಿಸ್ಥಿತಿಯಲ್ಲಿದ್ದರೆ ಸೇರುವ ದಿನವನ್ನು ಮುಂದೂಡಲು ಕೇಳಿ. ಕೇಳಿದರೆ ಒಪ್ಪುವ ಮ್ಯಾನೇಜರುಗಳು ಬಹಳ ಜನ ಇದ್ದಾರೆ.

ಮೂರನೆಯದು ರೊಟೇಶನ್. ಇಪ್ಪತ್ತೆಂಟು ದಿನ ಸೈಟು, ಇಪ್ಪತ್ತೆಂಟು ದಿನ ಮನೆ ಎಂಬ ಮಾದರಿ. ಕುಟುಂಬ ಡೊಂಬಿವಲಿಯಲ್ಲೋ ಥಾಣೆಯಲ್ಲೋ ಇದ್ದಲ್ಲೇ ಇರುತ್ತದೆ, ಮಕ್ಕಳ ಶಾಲೆ ಬದಲಾಗುವುದಿಲ್ಲ. ವಯಸ್ಸಾದ ತಂದೆತಾಯಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ರಜೆಯ ದಿನಕ್ಕೂ ಸಂಬಳ ಇದೆಯೆ, ದುಡಿದ ದಿನಕ್ಕೆ ಮಾತ್ರವೆ ಎಂದು ಕೇಳಿ, ಯಾಕೆಂದರೆ ವರ್ಷದ ಮೊತ್ತ ಅದರಿಂದ ಅರ್ಧಕ್ಕರ್ಧ ಬದಲಾಗಬಹುದು.

ಯಾವುದೇ ರೀತಿಯಿರಲಿ, ಪತ್ರದಲ್ಲಿ ಹುದ್ದೆ, ಅವಧಿ, ಸಂಬಳ ಯಾವ ಕರೆನ್ಸಿಯಲ್ಲಿ, ತೆರಿಗೆ ಯಾರದು, ಕುಟುಂಬದ ಆಸ್ಪತ್ರೆ ವಿಮೆ, ಮಧ್ಯದಲ್ಲಿ ಪ್ರಾಜೆಕ್ಟ್ ನಿಂತರೆ ವಾಪಸ್ ಟಿಕೆಟ್ ಮತ್ತು ಇಲ್ಲಿಯ ಕುರ್ಚಿ, ಇವೆಲ್ಲ ಇರಬೇಕು. ‘ಅದೆಲ್ಲ ಆಗುತ್ತದೆ, ಹೋಗಿ ನೋಡಿ’ ಎಂದು ಬಾಯಲ್ಲಿ ಹೇಳಿದವರು ಆರು ತಿಂಗಳಲ್ಲಿ ಬೇರೆ ವಿಭಾಗಕ್ಕೆ ಹೋಗಿರುತ್ತಾರೆ.

ಕಂಪನಿ ವೀಸಾದಲ್ಲಿ ಹೋದರೆ ಅಲ್ಲೇ ನೆಲೆಸಬಹುದೆ?

ದೇಶದ ಮೇಲೆ, ವೀಸಾದ ಬಗೆಯ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ ಕಂಪನಿಯ ಒಳಗಿನ ವರ್ಗಾವಣೆಗೆ ಇರುವ ಸೀನಿಯರ್ ಆರ್ ಸ್ಪೆಷಲಿಸ್ಟ್ ವರ್ಕರ್ ವೀಸಾದಿಂದ ನೇರವಾಗಿ ಕಾಯಂ ವಾಸ ಸಿಗುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದಿಂದ ದಾರಿ ಇದೆ. ಯುರೋಪ್ ಒಕ್ಕೂಟದ ಐಸಿಟಿ (ಕಂಪನಿಯ ಒಳಗಿನ ವರ್ಗಾವಣೆಯ) ಪರ್ಮಿಟ್ ಮ್ಯಾನೇಜರ್ ಮತ್ತು ಪರಿಣತರಿಗೆ ಗರಿಷ್ಠ ಮೂರು ವರ್ಷ. ಅದೇ ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಪರಿಣತ ನೌಕರರ ಪರವಾನಗಿ) ಇದ್ದರೆ ಜರ್ಮನ್ ಭಾಷೆ ಎ1 (ಆರಂಭದ) ಮಟ್ಟಕ್ಕೆ 27 ತಿಂಗಳು, ಬಿ1 (ಮಧ್ಯಮ) ಮಟ್ಟಕ್ಕೆ 21 ತಿಂಗಳಲ್ಲಿ ನೆಲೆಸುವ ಪರವಾನಗಿಗೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಮ್ಯಾನೇಜರ್‌ಗಳ ಎಲ್-1ಎ ಏಳು ವರ್ಷ, ವಿಶೇಷ ಜ್ಞಾನದವರ ಎಲ್-1ಬಿ ಐದು ವರ್ಷ. ನೆಲೆಸುವ ಆಸೆ ಇದ್ದರೆ ಯಾವ ವೀಸಾಕ್ಕೆ ಅರ್ಜಿ ಹಾಕುತ್ತಿದ್ದೀರಿ ಎಂದು ಕಂಪನಿಯ ವೀಸಾ ವಿಭಾಗವನ್ನು ಮೊದಲೇ ಕೇಳಿ. ಅವರು ಬೇಗ ಸಿಗುವುದನ್ನು ಆರಿಸುತ್ತಾರೆ, ನಿಮಗೆ ಬೇಕಾದದ್ದು ಅದೇ ಆಗಿರಬೇಕೆಂದಿಲ್ಲ.

ನನ್ನ ಡಿಗ್ರಿ ವಿಟಿಯುದು. ಅಟೆಸ್ಟೇಶನ್ ಮುಂಬಯಿಯಲ್ಲೇ ಆಗುತ್ತದೆಯೆ?

ರಾಜ್ಯ ಸರ್ಕಾರದ ಹಂತ ಇಲ್ಲಿ ಆಗುವುದಿಲ್ಲ. ಡಿಗ್ರಿ ಯಾವ ರಾಜ್ಯದ ವಿಶ್ವವಿದ್ಯಾಲಯದ್ದೋ ಆ ರಾಜ್ಯದ ಇಲಾಖೆಯೇ ಮೊದಲು ದೃಢೀಕರಿಸಬೇಕು. ಬೆಳಗಾವಿಯ ವಿಟಿಯು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮಂಗಳೂರು ವಿಶ್ವವಿದ್ಯಾಲಯ ಯಾವುದಾದರೂ ಕಾಗದ ಕರ್ನಾಟಕಕ್ಕೇ ಹೋಗಬೇಕು. ಮುಂಬಯಿಯಲ್ಲಿ ಹತ್ತು ವರ್ಷ ಇದ್ದವರೂ ಇದನ್ನು ಕೊನೆಗಳಿಗೆಯಲ್ಲಿ ತಿಳಿದು ವಾರಗಟ್ಟಲೆ ಕಾಯುತ್ತಾರೆ. ದಸರೆಗೋ ಚೌತಿಗೋ ಊರಿಗೆ ಹೋದಾಗ ಮಾಡಿಸಿಟ್ಟುಕೊಳ್ಳಿ, ಆಫರ್ ಬರುವವರೆಗೆ ಕಾಯಬೇಡಿ.

ಅದರ ಮೇಲೆ ವಿದೇಶಾಂಗ ಸಚಿವಾಲಯದ ಹಂತ. ಕಾಗದಪತ್ರವನ್ನು ಪರಸ್ಪರ ಒಪ್ಪುವ ಹೇಗ್ ಒಪ್ಪಂದದ ದೇಶಗಳಿಗೆ ಅಪೊಸ್ಟಿಲ್ ಎಂಬ ಮುದ್ರೆ ಸಾಕು. ಭಾರತ 2005ರಲ್ಲಿ ಇದಕ್ಕೆ ಸೇರಿತು. ಒಮಾನ್, ಬಹರೇನ್ ಇದರಲ್ಲಿವೆ, ಸೌದಿ 2022ರಲ್ಲಿ ಸೇರಿತು. ಯುಎಇ, ಕತಾರ್, ಕುವೈತ್ ಬಗೆಗೆ ಆಯಾ ದೇಶದ ದೂತಾವಾಸದ ಮುದ್ರೆಯ ಹಳೆಯ ಕ್ರಮವೇ ರೂಢಿ. ಅರ್ಜಿಗೆ ಮೊದಲು ಅವರ ಅಧಿಕೃತ ತಾಣದಲ್ಲಿ ಅಂದಿನ ನಿಯಮ ನೋಡಿ.

ಎಂಜಿನಿಯರುಗಳಿಗೆ ಇನ್ನೊಂದು ಹೊಸ್ತಿಲಿದೆ. ಸೌದಿಯಲ್ಲಿ ಎಂಜಿನಿಯರ್ ಹುದ್ದೆಗೆ ಸೌದಿ ಕೌನ್ಸಿಲ್ ಆಫ್ ಎಂಜಿನಿಯರ್ಸ್ ನೋಂದಣಿ ಬೇಕು. ಕುವೈತ್ 2018ರಿಂದ ಅಲ್ಲಿಯ ಎಂಜಿನಿಯರುಗಳ ಸಂಘದ ಒಪ್ಪಿಗೆ ಕೇಳುತ್ತಿದೆ, ಆ ಸಂಘ ಭಾರತದ ಡಿಗ್ರಿಗೆ ಎನ್‌ಬಿಎ (ತಾಂತ್ರಿಕ ಕೋರ್ಸುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ನೋಡುತ್ತದೆ. ಹೀಗಾಗಿ ವರ್ಷಗಟ್ಟಲೆ ಎಂಜಿನಿಯರ್ ಆಗಿದ್ದ ನಮ್ಮವರು ಹುದ್ದೆಯ ಹೆಸರು ಬದಲಾಯಿಸಿಕೊಳ್ಳಬೇಕಾಗಿ ಬಂತು. ನೀವು ಓದಿದ ವರ್ಷದಲ್ಲಿ ನಿಮ್ಮ ಶಾಖೆಗೆ ಎನ್‌ಬಿಎ ಮಾನ್ಯತೆ ಇತ್ತೆ ಎಂದು ಕಾಲೇಜಿನಿಂದ ಒಂದು ಪತ್ರ ತರಿಸಿಡಿ. ಆಸ್ಟ್ರೇಲಿಯಾದಂಥ ದೇಶಕ್ಕೂ ಅದು ಉಪಯೋಗ, ಯಾಕೆಂದರೆ 2014ರಿಂದ ಭಾರತ, ಎಂಜಿನಿಯರಿಂಗ್ ಡಿಗ್ರಿಗಳನ್ನು ಪರಸ್ಪರ ಒಪ್ಪುವ ವಾಷಿಂಗ್ಟನ್ ಅಕಾರ್ಡ್‌ನ ಕಾಯಂ ಸದಸ್ಯ.

ತಮ್ಮ ಐಟಿಐ ಫಿಟ್ಟರ್. ಏಜೆಂಟ್ ಗಲ್ಫ್ ಕೆಲಸಕ್ಕೆ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಕೊಡಬಹುದೆ?

ಕೊಡಬೇಡಿ. ನೋಂದಾಯಿತ ಏಜೆಂಟ್ ಕಾರ್ಮಿಕರಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ, ರಸೀದಿಯೂ ಕೊಡಬೇಕು. ಏಜೆಂಟ್ ನೋಂದಾಯಿತನೆ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಮುಂಬಯಿಯಲ್ಲೇ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ (ವಲಸೆ ಹೋಗುವವರ ರಕ್ಷಣಾಧಿಕಾರಿ) ಕಚೇರಿ ಇದೆ, ದೂರು ಕೊಡಬಹುದು.

ತಮ್ಮ ಹತ್ತನೇ ತರಗತಿ ಪಾಸಾಗಿದ್ದರೆ ಅವನ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ (ಕೆಲಸಕ್ಕೆ ಹೊರಡಲು ಸರ್ಕಾರದ ಒಪ್ಪಿಗೆ ಬೇಕೆಂಬ ಗುರುತು) ಇರುವುದಿಲ್ಲ, ಎಮಿಗ್ರೇಶನ್ ಒಪ್ಪಿಗೆಯ ಗೋಜಿಲ್ಲ. ಪಾಸಾಗದಿದ್ದರೆ ಗಲ್ಫ್ ಸೇರಿದ ಪಟ್ಟಿಯ ದೇಶಗಳಿಗೆ ಕೆಲಸಕ್ಕೆ ಹೋಗಲು ಒಪ್ಪಿಗೆ ಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷದ ಅಪಘಾತ ವಿಮೆಯೂ ಆಗುತ್ತದೆ. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಕೊಡುತ್ತೇವೆ’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಆ ವೀಸಾದಲ್ಲಿ ಸೈಟಿನಲ್ಲಿ ಬಿದ್ದು ಕಾಲು ಮುರಿದರೆ ಆಸ್ಪತ್ರೆಯ ಬಿಲ್ಲಿಗೂ ದಿಕ್ಕಿಲ್ಲ.

ಅವನು ಮುಂಬಯಿಯ ದೊಡ್ಡ ಕಾಂಟ್ರಾಕ್ಟರರ ಬಳಿ ಎರಡು ಶಟ್‌ಡೌನ್ ಮಾಡಲಿ. ಅದೇ ಕಾಂಟ್ರಾಕ್ಟರರಿಗೆ ಗಲ್ಫ್‌ನಲ್ಲೂ ಕೆಲಸ ಇರುತ್ತದೆ, ತಮ್ಮವರನ್ನೇ ಕರೆದೊಯ್ಯುತ್ತಾರೆ.

ಸಂಬಳದ ತೆರಿಗೆ, ಬ್ಯಾಂಕ್, ಪಿ.ಎಫ್. ಏನಾಗುತ್ತದೆ?

ಹೊರಡುವ ತಿಂಗಳು ಮುಖ್ಯ. ಕೆಲಸಕ್ಕಾಗಿ ಹೊರಡುವ ಭಾರತೀಯರು ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಆ ವರ್ಷಕ್ಕೇ ಅನಿವಾಸಿ. ಏಪ್ರಿಲಿನಿಂದ ಎಣಿಸಿದರೆ ಸೆಪ್ಟೆಂಬರ್ ಕೊನೆಯ ವಾರಕ್ಕೆ ಮೊದಲು ಹೊರಡಬೇಕು. ಜನವರಿಯಲ್ಲಿ ಹೋದರೆ ಮಾರ್ಚ್‌ವರೆಗಿನ ಅಲ್ಲಿಯ ಸಂಬಳವನ್ನೂ ಇಲ್ಲಿ ತೋರಿಸಬೇಕು. ತೆರಿಗೆಯೇ ಇಲ್ಲದ ಗಲ್ಫ್ ದೇಶದಲ್ಲಿದ್ದು ಭಾರತದ ಆದಾಯ 15 ಲಕ್ಷ ದಾಟುವವರಿಗೆ 2020ರಿಂದ ಬೇರೆ ನಿಯಮವಿದೆ. ಅಂಥವರು ಸಿ.ಎ. ಬಳಿ ಹೋಗಲೇಬೇಕು.

ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಿ, ಅಲ್ಲಿಯ ದುಡ್ಡಿಗೆ ಎನ್‌ಆರ್‌ಇ ತೆರೆಯಿರಿ. ಹಳೆಯ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯುವಂತಿಲ್ಲ. ಡೆಪ್ಯುಟೇಶನ್ ಮೇಲೆ ಜರ್ಮನಿ, ನಾರ್ವೆ, ಜಪಾನ್, ಆಸ್ಟ್ರೇಲಿಯಾದಂಥ ದೇಶಕ್ಕೆ ಹೋಗುವವರು ಇಪಿಎಫ್ ಕಚೇರಿಯಿಂದ ಸರ್ಟಿಫಿಕೇಟ್ ಆಫ್ ಕವರೇಜ್ ಪಡೆಯಿರಿ. ಆ ದೇಶಗಳೊಂದಿಗೆ ಸಾಮಾಜಿಕ ಭದ್ರತೆಯ ಒಪ್ಪಂದ ಇರುವುದರಿಂದ ಇಲ್ಲೂ ಅಲ್ಲೂ ಎರಡು ಕಡೆ ಕಟ್ಟುವುದು ತಪ್ಪುತ್ತದೆ. ಅಮೆರಿಕದೊಂದಿಗೆ ಅಂಥ ಒಪ್ಪಂದವಿಲ್ಲ.

ಹೆಂಡತಿಗೂ ಇಲ್ಲಿ ಒಳ್ಳೆಯ ಕೆಲಸ ಇದೆ. ಏನು ಮಾಡಲಿ?

ಮೊದಲು ಅವರನ್ನು ಕೇಳಿ. ಆಫರ್ ಒಪ್ಪಿಕೊಂಡ ಮೇಲೆ ಮನೆಯಲ್ಲಿ ಹೇಳುವವರು ಈಗಲೂ ಇದ್ದಾರೆ, ಅದು ನನಗೆ ತೀರಾ ಬೇಸರದ ಸಂಗತಿ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಹನ್ನೆರಡು ವರ್ಷ ದುಡಿದ ಹೆಣ್ಣುಮಗಳ ಸರ್ವಿಸ್ ಗಂಡನ ಬಡ್ತಿಗಿಂತ ಕಡಿಮೆಯದಲ್ಲ. ಗಂಡಸರಷ್ಟೇ ಅಲ್ಲ, ಪೋಸ್ಟಿಂಗ್ ಸಿಕ್ಕ ಹೆಣ್ಣುಮಕ್ಕಳೂ ಈಗ ನನ್ನನ್ನು ಕೇಳುತ್ತಾರೆ, ಅವರ ಗಂಡಂದಿರಿಗೂ ಇದೇ ಪ್ರಶ್ನೆ.

ಎಲ್-1 ನೌಕರರ ಸಂಗಾತಿಗೆ ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕಿದೆ. ಜರ್ಮನಿಯ ಬ್ಲೂ ಕಾರ್ಡ್‌ನವರ ಸಂಗಾತಿಗೂ ಇದೆ. ಯುಎಇಯಲ್ಲಿ ಸಂಗಾತಿಯ ಪ್ರಾಯೋಜಕತ್ವದಲ್ಲಿ ಇದ್ದುಕೊಂಡೇ ಕೆಲಸದ ಪರ್ಮಿಟ್ ಪಡೆಯಬಹುದು. ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ದೀರ್ಘ ರಜೆ ಕೇಳಿ ನೋಡಲಿ. ಅವರ ಡಿಗ್ರಿಯ ಅಟೆಸ್ಟೇಶನ್ನನ್ನೂ ನಿಮ್ಮದರ ಜೊತೆಗೇ ಮಾಡಿಸಿ.

ಮಕ್ಕಳ ವಿಷಯದಲ್ಲಿ, ಗಲ್ಫ್‌ನ ಸಿಬಿಎಸ್‌ಇ ಶಾಲೆಗಳು ಏಪ್ರಿಲಿನಲ್ಲಿ ಶುರು, ಯುರೋಪಿನವು ಆಗಸ್ಟ್–ಸೆಪ್ಟೆಂಬರಿನಲ್ಲಿ. ಒಂಬತ್ತನೇ ತರಗತಿ ದಾಟಿದ ಮಗುವನ್ನು ಬೋರ್ಡ್ ಬದಲಿಸಿ ಎಳೆದೊಯ್ಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಎರಡು ವರ್ಷ ರೊಟೇಶನ್ ಕೇಳಿ. ಕನ್ನಡದ ಚಿಂತೆ ಬೇಡ. ಬಹರೇನಿನ ಕನ್ನಡ ಸಂಘ, ದುಬೈ ಮತ್ತು ಕತಾರಿನ ಕರ್ನಾಟಕ ಸಂಘಗಳು ಚಟುವಟಿಕೆಯಿಂದಿವೆ. ಮುಂಬಯಿಯಲ್ಲಿ ಮಾಟುಂಗಾಕ್ಕೆ ಹೋಗುವ ದೂರಕ್ಕಿಂತ ಅಲ್ಲಿ ಸಂಘ ಹತ್ತಿರವಾಗಬಹುದು.

ಸರ್ಕಾರಿ ತೈಲ ಕಂಪನಿಯಲ್ಲಿದ್ದೇನೆ. ಖಾಸಗಿಯವರು ಕತಾರಿಗೆ ಕರೆಯುತ್ತಿದ್ದಾರೆ.

ಹೊರಗೆ ಅರ್ಜಿ ಹಾಕಲು, ಪಾಸ್‌ಪೋರ್ಟ್ ವಿಷಯಕ್ಕೆ, ರಾಜೀನಾಮೆಗೆ ನಿಮ್ಮ ಸೇವಾ ನಿಯಮದಲ್ಲಿ ಎನ್‌ಒಸಿ, ವಿಜಿಲೆನ್ಸ್ ಒಪ್ಪಿಗೆ, ನೋಟಿಸ್ ಅವಧಿ ಬರೆದಿರುತ್ತದೆ. ಅದನ್ನು ಮೊದಲು ಓದಿ, ಆಮೇಲೆ ಸೇರುವ ದಿನ ಕೊಡಿ. ನಿವೃತ್ತಿಯ ನಂತರದ ವೈದ್ಯಕೀಯ ಸೌಲಭ್ಯಕ್ಕೆ ಎಷ್ಟು ವರ್ಷ ಬಾಕಿ ಎಂದೂ ನೋಡಿ. ಎರಡು ಮೂರು ವರ್ಷವಷ್ಟೇ ಬಾಕಿಯಿದ್ದರೆ ಅದನ್ನು ಮುಗಿಸಿ ಹೋಗುವುದು ಲೇಸು.

ಎಣ್ಣೆಗೆ ಭವಿಷ್ಯ ಇಲ್ಲ ಎನ್ನುತ್ತಾರೆ. ಗಾಳಿ, ಸೌರದ ಕಡೆ ಹೋಗಲೆ?

ಎಣ್ಣೆಯ ಕೆಲಸದಲ್ಲಿ ಏರಿಳಿತ ನಿಜ. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 110 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು, ಎಷ್ಟೋ ಮನೆಗಳವರು ಗಲ್ಫ್‌ನಿಂದ ಸಾಮಾನು ಕಟ್ಟಿಕೊಂಡು ಬಂದರು. 2020ರ ಏಪ್ರಿಲಿನಲ್ಲಿ ಅಮೆರಿಕದ ಎಣ್ಣೆ ಬೆಲೆ ಒಂದು ದಿನ ಸೊನ್ನೆಗಿಂತ ಕೆಳಗೆ ಹೋಯಿತು. ಗಾಳಿಯ ಉದ್ಯಮವೂ ಏಳುಬೀಳು ಕಂಡಿದೆ. ಪುಣೆಯ ಸುಜ್ಲಾನ್ 2007ರಲ್ಲಿ ಜರ್ಮನಿಯ ರೀಪವರ್ ಕಂಪನಿಯನ್ನು ಕೊಂಡು 2015ರಲ್ಲಿ ಮಾರಬೇಕಾಯಿತು.

ಕಡಲ ಪ್ಲಾಟ್‌ಫಾರ್ಮಿನಲ್ಲಿ ಕೆಲಸ ಕಲಿತವರಿಗೆ ಕಡಲ ಗಾಳಿಯಂತ್ರ ದೂರದ್ದಲ್ಲ. ಕೇಬಲ್, ಕ್ರೇನ್, ತುಕ್ಕು ತಡೆ, ಪರ್ಮಿಟ್ ಎಲ್ಲವೂ ಅಲ್ಲೂ ಬೇಕು. ಹೈವೋಲ್ಟೇಜ್ ಎಲೆಕ್ಟ್ರಿಕಲ್ ಕಲಿತವರಂತೂ ಎರಡೂ ಕಡೆ ಸಲ್ಲುತ್ತಾರೆ. ಇಪ್ಪತ್ತೈದರ ಹುಡುಗಿ ಕೇಳಿದರೆ ಎಲೆಕ್ಟ್ರಿಕಲ್ ಗ್ರಿಡ್ ಕಡೆ ಹೋಗು ಎನ್ನುತ್ತೇನೆ. ನಲವತ್ತೈದರವರಿಗೆ ತಮ್ಮ ಕೈಹಿಡಿತದ ಕೆಲಸ ಬಿಡಬೇಡಿ ಎನ್ನುತ್ತೇನೆ.

ಅಪಾಯದ ದೇಶಕ್ಕೆ ಹಾಕಿದರೆ?

ಬೇಡ ಎನ್ನುವ ಹಕ್ಕು ನಿಮಗಿದೆ, ಅದನ್ನು ಬಳಸಿ. ಮೊಜಾಂಬಿಕ್‌ನ ಪಾಲ್ಮಾ ಪಟ್ಟಣದ ಮೇಲಿನ ದಾಳಿಯ ಬೆನ್ನಿಗೇ, 2021ರ ಏಪ್ರಿಲಿನಲ್ಲಿ, ಅಲ್ಲಿಯ ದೊಡ್ಡ ಅನಿಲ ಯೋಜನೆಯನ್ನು ಟೋಟಲ್ ಕಂಪನಿ ನಿಲ್ಲಿಸಿತು, ಭಾರತದ ಕಂಪನಿಗಳಿಗೂ ಅದರಲ್ಲಿ ಪಾಲಿದೆ. ಹೋಗುವುದಾದರೆ ತುರ್ತಾಗಿ ದೇಶದಿಂದ ಕರೆತರುವ ವ್ಯವಸ್ಥೆ, ಯುದ್ಧವನ್ನೂ ಒಳಗೊಳ್ಳುವ ವಿಮೆ, ಮನೆಯವರಿಗೆ ಹಗಲುರಾತ್ರಿ ಸಿಗುವ ಮುಂಬಯಿಯ ಒಂದು ಫೋನ್ ನಂಬರ್, ಮೂರನ್ನೂ ಕಾಗದದಲ್ಲಿ ಪಡೆಯಿರಿ. ಇಳಿದ ದಿನವೇ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ವಾಪಸ್ ಬಂದರೆ ಕುರ್ಚಿ ಇರುತ್ತದೆಯೆ?

ಡೆಪ್ಯುಟೇಶನ್ ಆದರೆ ಕೆಲಸ ಇರುತ್ತದೆ, ಅದೇ ಕುರ್ಚಿ ಇರುತ್ತದೆ ಎನ್ನಲಾಗದು. ಅವಧಿ ಮುಗಿಯುವ ಎಂಟು ಹತ್ತು ತಿಂಗಳ ಮೊದಲೇ ಇಲ್ಲಿಯ ಮುಖ್ಯಸ್ಥರಿಗೆ ಬರೆಯಲು ಶುರುಮಾಡಿ. ರಜೆಗೆ ಬಂದಾಗ ಅರ್ಧ ದಿನ ಆಫೀಸಿಗೆ ಹೋಗಿ ಬನ್ನಿ. ನಿಮ್ಮ ಜಾಗಕ್ಕೆ ಬಂದವರ ಜೊತೆ ಚಹಾ ಕುಡಿಯಿರಿ. ಇಲ್ಲಿ ರಾಜೀನಾಮೆ ಕೊಟ್ಟು ಅಲ್ಲಿಯ ಲೋಕಲ್ ಕಾಂಟ್ರಾಕ್ಟ್ ಮೇಲೆ ಹೋದವರು ಹೊಸ ಅರ್ಜಿದಾರರಂತೆಯೇ ಬರಬೇಕು, ಹಳೆಯ ಸಹೋದ್ಯೋಗಿಗಳ ಸಂಪರ್ಕವೇ ಅವರಿಗೆ ಆಧಾರ.

ಆ ದೇಶ ಬಿಡುವ ಮೊದಲು ಅನುಭವ ಪತ್ರ, ಗಲ್ಫ್ ಆದರೆ ಸೇವಾಂತ್ಯದ ಹಣದ ಲೆಕ್ಕ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಮಕ್ಕಳ ಟಿ.ಸಿ.ಗೆ ಅಲ್ಲಿಯ ಮುದ್ರೆ, ಇವನ್ನು ಕೈಗೆ ತೆಗೆದುಕೊಳ್ಳಿ. ಮುಂಬಯಿಯಲ್ಲಿ ಕೂತು ಇವುಗಳಲ್ಲಿ ಒಂದನ್ನು ತರಿಸಲೂ ತಿಂಗಳುಗಳೇ ಹಿಡಿಯುತ್ತವೆ. ಬಂದ ಮೇಲೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಮತ್ತೆ ಸಾಮಾನ್ಯ ಖಾತೆಗಳಾಗಿ ಬದಲಿಸಲು ಬ್ಯಾಂಕಿಗೆ ತಿಳಿಸಿ.